ಮೊಲದ ಗೋದಲಿ

ಹಸುವಿನ ಕೊಟ್ಟಿಗೆಯಲ್ಲಿ ಗೋದಲಿಯಿರುತ್ತದೆಂಬುದನ್ನು ನಮ್ಮ ನಾಡಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಲ್ಲಿನದೋ, ಅಡ್ಡಪಟ್ಟಿ ಹೊಡೆದ ಮರದ್ದೋ ಆದ ಆ ತೊಟ್ಟಿಯ ಎತ್ತರ, ಆಳ, ಅಂಚು ಇವುಗಳನ್ನು ಹಸುವಿನ ಕತ್ತನ್ನೂ ಬಾಯಿಯನ್ನೂ ನೋಡಿ ನಿಶ್ಚಯಿಸುವುದು ವಾಡಿಕೆಯೇ ಹೊರತು, ಬಂದು ಹೋಗುವವರ ಕಣ್ಣಿಗೆ ಚೆಲುವಾಗಿ ಕಾಣಲೆಂದಲ್ಲ. ಈಗ ಪಟ್ಟಣದ ಮನೆಗಳಲ್ಲಿ ಕೊಟ್ಟಿಗೆಗೆ ಎಡೆಯಿಲ್ಲ. ಆದರೂ ಹುಲ್ಲು ತಿನ್ನುವ ಒಂದು ಜೀವವನ್ನು ಮನೆಯಲ್ಲಿಟ್ಟು ಸಲಹಬೇಕೆಂಬ ಆಸೆ ಮನುಷ್ಯನನ್ನು ಬಿಟ್ಟಂತಿಲ್ಲ. ಹಸುವಿದ್ದ ಮನೆಗಳಿಗೆ ಮೊಲವೂ ಗಿನಿಪಿಗ್ಗೂ ಬಂದಿವೆ. ಅವುಗಳ ಹಿಂದೆಯೇ ಅಂಗಡಿಗಳಿಗೆ ಬಗೆಬಗೆಯ ಮರದ ಹುಲ್ಲುತೊಟ್ಟಿಗಳೂ ಬಂದಿವೆ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿಷಯವಾಗಿ ಶ್ರೋತೃಗಳ ಮುಂದೆ ಕೆಲವು ಮಾತುಗಳನ್ನು ಇಡಬೇಕೆಂದಿದ್ದೇವೆ.

ಇಷ್ಟು ಅಲ್ಪವಾದ ವಸ್ತುವಿಗೆ ಒಂದು ಉಪನ್ಯಾಸವೇ ಎಂದು ಕೆಲವರು ನಗಬಹುದು. ತೊಟ್ಟಿ ಅಲ್ಪವಾದದ್ದೇನೋ ಹೌದು. ಅದರೊಳಗಿನ ಹುಲ್ಲು ಅಲ್ಪವಾದದ್ದಲ್ಲ. ಮೊಲವು 12 ಗಂಟೆಗಳ ಕಾಲ ಏನನ್ನೂ ಮುಟ್ಟದೆ ಕುಳಿತರೆ ಅದನ್ನು ಆಗಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಮರುದಿನ ನೋಡೋಣವೆಂದವರಿಗೆ ಮರುದಿನ ನೋಡಲು ಮೊಲವೇ ಇಲ್ಲದೆ ಹೋದೀತು. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಮೊದಲು ಅದರ ಹಲ್ಲನ್ನೂ ಕರುಳನ್ನೂ ಅಷ್ಟಿಷ್ಟು ತಿಳಿಯಬೇಕು.

ಮನೆಗಳಲ್ಲಿ ಸಾಕುವ ಮೊಲವು ನಮ್ಮ ಹೊಲಗದ್ದೆಗಳಲ್ಲಿ ಓಡುವ ಕಾಡುಮೊಲವಲ್ಲ. ಅದರ ಮೂಲ ಸ್ಪೇನ್ ಪೋರ್ಚುಗಲ್ ದೇಶಗಳ ಕಡೆಯ ಬಿಲಮೊಲ. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷೆಯುಂಟು. ಅದನ್ನು ಹಿಡಿದು ತಂದು ಸಾಕುವುದು ಅಪರಾಧ. ಮೊಲವನ್ನು ಬಹುಕಾಲ ಇಲಿಯ ಜಾತಿಗೆ ಸೇರಿಸಿದ್ದರು. ಅದರ ಮೇಲುಬಾಯಿಯ ಎರಡು ದೊಡ್ಡ ಬಾಚಿಹಲ್ಲುಗಳ ಹಿಂದೆ ಕಡ್ಡಿಯಂತಹ ಇನ್ನೆರಡು ಸಣ್ಣ ಹಲ್ಲುಗಳಿವೆ, ಇಲಿಗೆ ಅವಿಲ್ಲ. ಇಂಥ ಭೇದಗಳನ್ನು ತೂಗಿ ನೋಡಿ, 1912ರಲ್ಲಿ ಗಿಡ್ಲಿ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಮೊಲಗಳದು ಬೇರೆಯೇ ಒಂದು ಗಣವೆಂದು ವಾದಿಸಿದರು. ಅದೇ ಈಗ ಸ್ಥಿರವಾದ ಮತ. ಗಿನಿಪಿಗ್ಗಾದರೋ ಇಲಿಯ ಗಣಕ್ಕೇ ಸೇರಿದ್ದು. ಆದರೂ ಹುಲ್ಲಿನ ವಿಷಯದಲ್ಲಿ ಎರಡಕ್ಕೂ ಒಂದೇ ಧರ್ಮ.

ಮೊಲಕ್ಕೆ 28 ಹಲ್ಲು, ಗಿನಿಪಿಗ್ಗಿಗೆ 20. ಇವೆಲ್ಲವೂ ಹುಟ್ಟಿದಂದಿನಿಂದ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮೊಲದ ಮುಂಬಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರು ಬೆಳೆಯುತ್ತದೆ. ಸವೆಯದೆ ಉಳಿದರೆ ವರ್ಷಕ್ಕೆ 10 ಸೆಂಟಿಮೀಟರು ಮೀರುತ್ತದೆ. ಇದನ್ನು ಕೇಳಿ, ಕಡಿಯಲು ಒಂದು ಮರದ ತುಂಡನ್ನು ಕೊಟ್ಟರೆ ಸಾಕೆಂದು ಹಲವರು ತಿಳಿಯುತ್ತಾರೆ. ಮರವನ್ನು ಕಡಿಯುವುದು ಮುಂಬಲ್ಲು. ಒಳಗಿನ ದವಡೆಹಲ್ಲುಗಳನ್ನು ಸವೆಸತಕ್ಕದ್ದು ಹುಲ್ಲು. ಹುಲ್ಲಿನ ಎಳೆಯನ್ನು ಅದು ದವಡೆಯನ್ನು ಅಡ್ಡಡ್ಡವಾಗಿ ಆಡಿಸಿ ಬೀಸುಕಲ್ಲಿನಂತೆ ಅರೆಯುತ್ತದೆ. ಹುಲ್ಲು ಕಡಮೆಯಾಗಿ ಕಾಳಿನ ಗುಳಿಗೆ ಹೆಚ್ಚಾದಲ್ಲಿ ಅರೆತ ನಿಲ್ಲುತ್ತದೆ. ದವಡೆಹಲ್ಲು ಮೊನೆಯಾಗಿ ಬೆಳೆದು ನಾಲಗೆಯನ್ನೂ ಕೆನ್ನೆಯನ್ನೂ ಇರಿಯುತ್ತದೆ. ನೋವಿಗೆ ಪ್ರಾಣಿಯು ತಿನ್ನುವುದನ್ನು ಬಿಡುತ್ತದೆ. ತಿನ್ನುವುದನ್ನು ಬಿಟ್ಟೊಡನೆ ಕರುಳಿನ ಚಲನೆ ಕುಗ್ಗುತ್ತದೆ. ಕರುಳು ನಡೆಯುವುದೇ ನಾರಿನ ಬಲದಿಂದ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲವಾದ್ದರಿಂದ ಒಳಗೆ ನಿಂತದ್ದು ನಿಂತೇ ಇರುತ್ತದೆ. ಅರ್ಧ ದಿನದ ಉಪವಾಸವು ಪ್ರಾಣಾಂತಿಕವಾಗುವುದು ಹೀಗೆ. ಆದ್ದರಿಂದಲೇ ಅದರ ಆಹಾರದಲ್ಲಿ ನೂರಕ್ಕೆ 80ಕ್ಕಿಂತ ಕಡಮೆಯಿಲ್ಲದಷ್ಟು ಹುಲ್ಲೇ ಇರಬೇಕೆಂದು ವೈದ್ಯರು ಹೇಳುತ್ತಾರೆ.

ಇಲ್ಲಿಂದ ತೊಟ್ಟಿಯ ಮೊದಲನೆಯ ಲಕ್ಷಣವು ತಾನಾಗಿ ಹೊರಡುತ್ತದೆ: ಅದು ಎಂದಿಗೂ ಬರಿದಾಗಬಾರದು. ದಿನವೊಂದಕ್ಕೆ ಪ್ರಾಣಿಯ ಮೈಯಷ್ಟು ಗಾತ್ರದ ಹುಲ್ಲಿನ ಕಂತೆ ಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಅಂಗಡಿಯಲ್ಲಿ ಮುದ್ದಾಗಿ ಕಾಣುವ ಸಣ್ಣ ತೊಟ್ಟಿಗಳು ಎಷ್ಟೋ ವೇಳೆ ಇದರ ಕಾಲುಭಾಗವನ್ನೂ ಹಿಡಿಯವು. ಮೊಲವು ಹೆಚ್ಚಾಗಿ ಮೇಯುವುದು ಸಂಜೆ, ಇರುಳು ಮತ್ತು ನಸುಕಿನಲ್ಲಿ. ಮನೆಯವರು ಮಲಗಿದ ಮೇಲೆ ಸಣ್ಣ ತೊಟ್ಟಿ ಬರಿದಾದರೆ ಬೆಳಗಿನವರೆಗೆ ಕೇಳುವವರಿಲ್ಲ. ಎರಡು ಪ್ರಾಣಿಗಳಿದ್ದಲ್ಲಿ ಎರಡೂ ಪಕ್ಕಪಕ್ಕದಲ್ಲಿ ನಿಂತು ತಿನ್ನುವಷ್ಟು ಅಗಲವಿರಬೇಕು. ಇಲ್ಲವಾದರೆ ಬಲವುಳ್ಳದ್ದು ತಿಂದು ಉಳಿದದ್ದು ಕಾಯುತ್ತದೆ.

ಎರಡನೆಯದು ಎತ್ತರ. ಮೊಲವು ತಲೆ ತಗ್ಗಿಸಿ ನೆಲದ ಮೇಲೆ ಮೇಯುವ ಪ್ರಾಣಿ. ಆಡಿನಂತೆ ಮುಂಗಾಲೆತ್ತಿ ಚಿಗುರು ಕೀಳುವುದು ಅದರ ನಿತ್ಯದ ನಡೆಯಲ್ಲ. ಹೀಗಿರಲು ಗೂಡಿನ ಗೋಡೆಗೆ ಎತ್ತರವಾಗಿ ತೂಗುಹಾಕುವ ತೊಟ್ಟಿಗಳಿಂದ ಎರಡು ಕೇಡು. ಕತ್ತು ಹಿಂದಕ್ಕೆ ಬಾಗುತ್ತದೆಂಬುದು ಒಂದು. ಎಳೆದ ಹುಲ್ಲಿನ ಧೂಳೂ ಚೂರೂ ನೇರವಾಗಿ ಕಣ್ಣಿಗೆ ಉದುರುತ್ತದೆಂಬುದು ಇನ್ನೊಂದು. ಬೇಟೆಗೆ ಗುರಿಯಾದ ಪ್ರಾಣಿಯಾದ್ದರಿಂದ ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಉಬ್ಬಿ ನಿಂತಿವೆ. ಸುತ್ತಲೂ ಕಾಣಲು ಅದು ಅನುಕೂಲ, ಕಸ ಬೀಳಲೂ ಅಷ್ಟೇ ಅನುಕೂಲ. ಹುಲ್ಲಿನ ಮೊನೆ ತಗುಲಿ ಕಣ್ಣು ಹುಣ್ಣಾಗುವುದು ಗಿನಿಪಿಗ್ಗುಗಳಲ್ಲಿ ಪಶುವೈದ್ಯರು ಆಗಾಗ ಕಾಣುವ ವ್ಯಾಧಿ. ಹುಲ್ಲನ್ನು ಎಳೆಯುವ ಸ್ಥಳವು ಪ್ರಾಣಿಯ ಎದೆಯ ಮಟ್ಟದಲ್ಲಿರುವಂತೆ, ನೆಲದ ಮೇಲೆ ಭದ್ರವಾಗಿ ಕೂಡುವಂತಹ ತೊಟ್ಟಿಯೇ ಉತ್ತಮ.

ಮೂರನೆಯದು ಕಡ್ಡಿಗಳ ನಡುವಣ ಸಂದು. ಸಂದು ಒಂದೋ ಮೂತಿ ಮಾತ್ರ ತೂರುವಷ್ಟು ಕಿರಿದಾಗಿರಬೇಕು, ಇಲ್ಲವೋ ತಲೆಯು ಕಿವಿಗಳೊಡನೆ ನಿರಾಯಾಸವಾಗಿ ಒಳಹೊಕ್ಕು ಹೊರಬರುವಷ್ಟು ಹಿರಿದಾಗಿರಬೇಕು. ಇವೆರಡರ ನಡುವಣ ಅಳತೆಯೇ ಅಪಾಯ. ನುಗ್ಗುವಾಗ ಹಿಂದಕ್ಕೆ ಮಡಿದ ಕಿವಿಯೂ ಕೆನ್ನೆಯೂ ಹಿಂದೆಗೆಯುವಾಗ ಅಡ್ಡವಾಗುತ್ತವೆ. ಸಿಕ್ಕಿಕೊಂಡ ಮೊಲವು ಹೆದರಿ ಒದೆದಾಡಿ ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಲ್ಲದು. ತೊಟ್ಟಿಯ ಮೇಲ್ಭಾಗವು ತೆರೆದಿದ್ದರೆ ಅದು ಮೇಲಕ್ಕೆ ನೆಗೆಯುತ್ತದೆ, ಕಾಲು ಸಂದಿಗೆ ಬೀಳುತ್ತದೆ. ಆದ್ದರಿಂದ ಭಾರವಾದ ಮುಚ್ಚಳವಿರುವುದು ಲೇಸು. ಮರಿಗಳಿರುವ ಮನೆಯಲ್ಲಿ ಎಲ್ಲ ಅಳತೆಯನ್ನೂ ಮರಿಗೆ ಹಿಡಿಯತಕ್ಕದ್ದು, ತಾಯಿಗಲ್ಲ.

ಇನ್ನು ಮರದ ವಿಚಾರ. ತೊಟ್ಟಿಯನ್ನು ಆ ಪ್ರಾಣಿ ಕಡಿಯುವುದೇ ನಿಶ್ಚಯವಾದ್ದರಿಂದ, ಮರವನ್ನು ಪಾತ್ರೆಯೆಂದಲ್ಲದೆ ಆಹಾರವೆಂದೇ ಎಣಿಸಿ ಪರೀಕ್ಷಿಸಬೇಕು. ಅದರ ಗಂಧವು ಘಾಟಾಗಿರಬಾರದು. ಕೆಂಪು ಸೀಡರ್, ಪೈನ್ ಮೊದಲಾದ ಮರಗಳ ಹೊಟ್ಟನ್ನು ಹಾಸಿದ ಗೂಡುಗಳಲ್ಲಿ ಇಲಿಗಳ ಪಿತ್ತಜನಕಾಂಗದ ಕಾರ್ಯವೇ ಬದಲಾಗುವುದೆಂದು 1967ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಮೆತ್ತುವ ಗೋಂದಿನಿಂದ ಕೂಡಿಸಿದ ಪ್ಲೈವುಡ್ಡೂ ಒತ್ತುಹಲಗೆಯೂ ಬೇಡ. ಚೆನ್ನಾಗಿ ಒಣಗಿದ, ಬಣ್ಣ ಬಳಿಯದ, ಸಿಬಿರೆದ್ದಿಲ್ಲದ ಗಟ್ಟಿ ಮರವನ್ನೋ ಬಿದಿರನ್ನೋ ಆರಿಸಬೇಕು. ಹಿತ್ತಲಿನ ರೆಂಬೆಗಳಿಂದ ತಾವೇ ಮಾಡುವವರು ಕಣಗಿಲೆಯನ್ನೂ ಹಾಲು ಸುರಿಯುವ ಕಳ್ಳಿಗಳನ್ನೂ ದೂರವಿಡಬೇಕು. ಕಣಗಿಲೆಯ ಅಂಗಾಂಗವೂ ವಿಷ.

ಪಟ್ಟಣದ ಬಡಗಿಗಳು ಹಳೆಯ ಸಾಮಾನುಪೆಟ್ಟಿಗೆಯ ಹಲಗೆಗಳಿಂದ ಸುಲಭ ಬೆಲೆಗೆ ತೊಟ್ಟಿ ಮಾಡಿಕೊಡುವುದುಂಟು. ತಪ್ಪೇನಿಲ್ಲ, ಆದರೆ ಹಲಗೆಯ ಮೇಲಿನ ಮುದ್ರೆಯನ್ನು ಓದಬೇಕು. ದೇಶದಿಂದ ದೇಶಕ್ಕೆ ಹೋಗುವ ಪೆಟ್ಟಿಗೆಮರದ ಹುಳುಗಳನ್ನು ಕೊಲ್ಲಬೇಕೆಂಬ ಅಂತರರಾಷ್ಟ್ರೀಯ ನಿಯಮವು 2002ರಲ್ಲಿ ಏರ್ಪಟ್ಟಿತು. ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಶುದ್ಧಿ ಮಾಡಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ. ಎರಡನೆಯದನ್ನು ಬಿಡತಕ್ಕದ್ದು.

ಗೆದ್ದಲಿಗೆ ಔಷಧಿ ಊಡಿದ ಮರವನ್ನಂತೂ ಹತ್ತಿರ ತರಲೇಬಾರದು. ತಾಮ್ರ, ಕ್ರೋಮಿಯಂ, ಪಾಷಾಣ ಇವುಗಳನ್ನು ಕೂಡಿಸಿ ಮರಕ್ಕೆ ಊಡುವ ಪ್ರಸಿದ್ಧ ಕ್ರಮವನ್ನು 1933ರಲ್ಲಿ ಕಂಡುಹಿಡಿದವರು ನಮ್ಮ ದೇಶದವರೇ ಆದ ಸೊಂಟಿ ಕಾಮೇಶಂ. ಜಗತ್ತಿನ ಎಷ್ಟೋ ಕಂಬಗಳೂ ಬೇಲಿಗಳೂ ಅದರಿಂದ ದೀರ್ಘಾಯುಸ್ಸನ್ನು ಪಡೆದವು. ಗೆದ್ದಲನ್ನು ಕೊಲ್ಲುವುದು ಮೊಲವನ್ನು ಉಳಿಸೀತೆಂದು ನಂಬಲಾಗದಷ್ಟೆ. ಬಣ್ಣದ ಮಾತೂ ಇದೇ. ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವಿದೆ. ಅದಕ್ಕೂ ಹಿಂದಿನ ಹಳೆಯ ಬಾಗಿಲು ಕಿಟಕಿಗಳ ಹಲಗೆಯಲ್ಲಿ ಏನಿದೆಯೋ ಬಲ್ಲವರಾರು? ಬಳಿದ ಬಣ್ಣವನ್ನು ಕಡಿದು ಸೀಸದ ವಿಷಕ್ಕೆ ತುತ್ತಾದ ಮೊಲಗಳುಂಟು. ಕಬ್ಬಿಣದ ಮೊಳೆಯ ಬದಲು ಬಿದಿರುಮೊಳೆ ಹೊಡೆಸಿದರೆ, ಮರ ಸವೆದ ಮೇಲೆ ಮೊನೆಯೇಳುವ ಭಯವೂ ತಪ್ಪುತ್ತದೆ.

ಮೊಲಕ್ಕೆ ತಿನ್ನುತ್ತಲೇ ವಿಸರ್ಜಿಸುವ ಅಭ್ಯಾಸವಿದೆ. ಅಸಹ್ಯಪಡದೆ, ತೊಟ್ಟಿಯ ಪಕ್ಕದಲ್ಲೇ ಮಲದ ತಟ್ಟೆಯನ್ನಿಟ್ಟರೆ ಎರಡು ಕೆಲಸವೂ ಒಂದೆಡೆ ಮುಗಿಯುತ್ತದೆ. ಆದರೆ ಮರವು ಮೂತ್ರವನ್ನು ಹೀರುತ್ತದೆ. ಆದ್ದರಿಂದ ತಳವು ನೆಲದಿಂದ ಮೇಲೆದ್ದು, ತೆಗೆದು ತೊಳೆಯಲು ಬರುವಂತಿರಬೇಕು. ತೊಳೆದು ಬಿಸಿಲಿಗಿಟ್ಟು ಪೂರ್ತಿಯಾಗಿ ಒಣಗಿದ ಮೇಲೆಯೇ ಹುಲ್ಲು ತುಂಬಬೇಕು. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಇದು ಸುಲಭವಲ್ಲ. ಬೂಷ್ಟು ಹಿಡಿದ ಹುಲ್ಲು ಉಪವಾಸದಷ್ಟೇ ಕೆಟ್ಟದ್ದಾದ್ದರಿಂದ, ಅಲ್ಲಿಯವರು ಎರಡು ತಳಗಳನ್ನು ಮಾಡಿಸಿ ಬದಲಾಯಿಸುತ್ತಿರುವುದು ಮೇಲು.

ತುಂಬತಕ್ಕ ಹುಲ್ಲು ಹಸಿರುಬಣ್ಣ ಮಾಸದ, ಸುವಾಸನೆಯ ಒಣಹುಲ್ಲಾಗಿರಬೇಕು. ಭತ್ತ ಬಡಿದುಳಿದ ಹುಲ್ಲು ಹಾಸಲು ಸರಿ, ಅದೊಂದೇ ಊಟವಾಗಲು ಸಾಲದು. ಕುದುರೆಮೆಂತ್ಯವು ಮರಿಗಳಿಗೆ ಹಿತ. ಬೆಳೆದ ಮೊಲಕ್ಕೆ ಅದರ ಸುಣ್ಣದ ಅಂಶವು ಮೂತ್ರಕೋಶದಲ್ಲಿ ಕೆಸರಾಗುತ್ತದೆ.

ಇಷ್ಟೆಲ್ಲ ಏಕೆ, ನೆಲದ ಮೇಲೆ ಒಂದು ಹಿಡಿ ಚೆಲ್ಲಿದರಾಗದೆ ಎಂದು ಕೇಳುವವರಿಗೂ ನಾವು ವಿರೋಧಿಗಳಲ್ಲ. ಕೆಟ್ಟ ತೊಟ್ಟಿಗಿಂತ ಶುಚಿಯಾದ ನೆಲವೇ ವಾಸಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬ ಹಟ ಈ ವಿಷಯದಲ್ಲಿ ಸಲ್ಲದು. ತಗ್ಗಾದ ಒಂದು ಬರಿಯ ಮರದ ಪೆಟ್ಟಿಗೆಯಲ್ಲಿ ಹುಲ್ಲು ಮೆಟ್ಟುಗೊಳ್ಳದೆ ಶುಚಿಯಾಗಿ ಉಳಿಯುವುದಾದರೆ ಅದೂ ಗೋದಲಿಯೇ.

ಆದರೂ ತೊಟ್ಟಿಯಿಂದ ಇನ್ನೊಂದು ಉಪಕಾರವುಂಟು. ನಮ್ಮ ಎಣಿಕೆಯಲ್ಲಿ ಅದೇ ಎಲ್ಲಕ್ಕಿಂತ ಹಿರಿದು. ಮೊಲವು ತನ್ನ ನೋವನ್ನು ಹೇಳುವುದಿಲ್ಲ, ಮರೆಸುತ್ತದೆ. ಬಲಹೀನವಾಗಿ ಕಂಡ ಪ್ರಾಣಿಯನ್ನೇ ಬೇಟೆಗಾರ ಮೊದಲು ಹಿಡಿಯುವನಾದ್ದರಿಂದ ಅದರ ಹುಟ್ಟುಗುಣವೇ ಹಾಗೆ. ಕೂಗುವುದಿಲ್ಲ, ನರಳುವುದಿಲ್ಲ, ಮೂಲೆಯಲ್ಲಿ ಕುಳಿತಿರುತ್ತದೆ. ಅದರ ಪರವಾಗಿ ಮಾತನಾಡುವುದು ತೊಟ್ಟಿಯೊಂದೇ. ರಾತ್ರಿ ಅಂಚಿನವರೆಗೆ ತುಂಬಿದ್ದು ಬೆಳಗ್ಗೆ ಅರ್ಧಕ್ಕಿಳಿದಿದ್ದರೆ ಮನೆಯವರು ನಿಶ್ಚಿಂತರಾಗಿರಬಹುದು. ತುಂಬಿದ್ದು ತುಂಬಿದಂತೆಯೇ ಇದ್ದರೆ ಬೇರೆ ಕೆಲಸಗಳನ್ನು ಬದಿಗಿಟ್ಟು ಪಶುವೈದ್ಯರಲ್ಲಿಗೆ ಹೊರಡಬೇಕು. ಒಳಗಿನ ಹುಲ್ಲು ದೂರದಿಂದಲೇ ಕಾಣುವಂತಹ ತೊಟ್ಟಿಯನ್ನು ಆರಿಸಿ, ಬೆಳಗಿನ ಕಾಫಿಗೆ ಮುಂಚೆ ಅದರ ಕಡೆ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸವನ್ನು ಮನೆಯ ಮಕ್ಕಳಲ್ಲಿ ಬೆಳೆಸಿದರೆ, ಆ ಮೂಕಜೀವಕ್ಕೆ ಅದಕ್ಕಿಂತ ದೊಡ್ಡ ರಕ್ಷೆ ಬೇರೊಂದಿಲ್ಲ.