ಒಂದು ಸೆಪ್ಟೆಂಬರ್, ಎರಡು ನೆನಪು
(ಅಮೀರ್‌ಪೇಟ್‌ನಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಅನೇಕರಂತೆ ನಾನೂ ಬೀದರ ಸೀಮೆಯಿಂದ ಬಂದು ಈ ನಗರದಲ್ಲಿ ನೆಲೆಸಿದವನು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಮಣಿದರು. ಟ್ಯಾಂಕುಗಳೂ ವಿಮಾನಗಳೂ ಪಾಲ್ಗೊಂಡ ಈ ಯುದ್ಧಕ್ಕೆ 'ಪೊಲೀಸ್ ಕಾರ್ಯಾಚರಣೆ' ಎಂದು ಹೆಸರಾಯಿತು. ಮರೆವು ಆ ಹೆಸರಿನಿಂದಲೇ ಆರಂಭವಾಯಿತು.

ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದು ರಜಾಕಾರರ ಹಾವಳಿಯನ್ನು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಕಟ್ಟುಕಥೆಯಲ್ಲ. ಆದರೆ ಸೆಪ್ಟೆಂಬರಿನ ತರುವಾಯ ಮುಸಲ್ಮಾನರ ಮೇಲೆ ನಡೆದ ಸೇಡಿನ ಕೊಲೆಗಳನ್ನು ಅವರು ಎಂದೂ ಹೇಳಲಿಲ್ಲ. ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸಂಸ್ಥಾನದಲ್ಲಿ 27,000ರಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರಗಳನ್ನೂ ಹೆಸರಿಸಿತು. ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ಎ. ಜಿ. ನೂರಾನಿಯವರು 2013ರ ತಮ್ಮ ಗ್ರಂಥದಲ್ಲಿ ಅದನ್ನು ಓದುಗರ ಮುಂದಿಟ್ಟರು.

2022ರ ಸೆಪ್ಟೆಂಬರ್ 17ನ್ನು ಇದೇ ನಗರದಲ್ಲಿ ಕೇಂದ್ರ ಸರ್ಕಾರ ವಿಮೋಚನಾ ದಿನವೆಂದೂ, ರಾಜ್ಯ ಸರ್ಕಾರ ರಾಷ್ಟ್ರೀಯ ಸಮಗ್ರತಾ ದಿನವೆಂದೂ ಆಚರಿಸಿದವು. ಹೆಸರಿನ ಜಗಳದಲ್ಲಿ ಸತ್ತವರ ಮಾತು ಬರಲೇ ಇಲ್ಲ.

ವಿಮೋಚನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದು ಸಾವಿನಿಂದ ಇನ್ನೊಂದು ಸಾವನ್ನು ವಜಾ ಮಾಡುವುದು ಚರಿತ್ರೆಯಲ್ಲ ಎನ್ನುತ್ತಿದ್ದೇನೆ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ. ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ. ಹಾಗೆಯೇ ನೆರೆಮನೆಯ ಹಿರಿಯರನ್ನೂ ಕೇಳಿ.