ಲಾಭ, ಎರಡು, ಮೂರು

ಕಳೆದ ವರ್ಷ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿರುವ ನನ್ನ ತಂಗಿ ಫೋನು ಮಾಡಿದ್ದಳು. ಅಂದು ಅಲ್ಲಿಯವರಿಗೆ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕುಳಿತು, ಆ ವರ್ಷ ತಮಗೆ ದೊರೆತುದನ್ನು ನೆನೆದು ಊಟಮಾಡುವುದು ಅಲ್ಲಿನ ವಾಡಿಕೆ. “ಅಣ್ಣಾ, ಈ ವರ್ಷ ನಾವು ಯಾವುದಕ್ಕೆ ಕೃತಜ್ಞರಾಗಿರೋಣ?” ಎಂದು ಅವಳು ಕೇಳಿದಳು. ಒಳಗಿನ ಕೋಣೆಯಲ್ಲಿ ನಮ್ಮ ತಂದೆ ಮಲಗಿದ್ದರು. ಆಷಾಢದಲ್ಲಿ ಅವರ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿದ್ದವು. “ಅಪ್ಪ ಹೀಗಿರುವಾಗ ಕೃತಜ್ಞತೆಯ ಮಾತೇಕೆ?” ಎಂದು ನಾನು ಫೋನನ್ನು ಕೆಳಗಿಟ್ಟೆ. ಅವಳ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು.

ನಮ್ಮದು ದಾಬಸ್‌ಪೇಟೆಯ ಸೀಮೆ. ಡಾಬ್ಸ್ ಎಂಬ ಆಂಗ್ಲ ಅಧಿಕಾರಿಯ ಹೆಸರನ್ನು ಹೊತ್ತ ಊರು. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಕಾರ್ಖಾನೆಗಳು ಬಂದ ಮೇಲೂ ರಾಗಿಯ ಹೊಲಗಳು ಪೂರ್ತಿಯಾಗಿ ಮಾಯವಾಗಿಲ್ಲ. ನಮ್ಮ ಕಣದಲ್ಲಿ ನಿಂತು ತಲೆಯೆತ್ತಿದರೆ ಶಿವಗಂಗೆಯ ಬೆಟ್ಟ ಕಾಣುತ್ತದೆ. ಸಂಕ್ರಾಂತಿಯಂದು ಬೆಟ್ಟದ ತುದಿಯ ಬಂಡೆಯಲ್ಲಿ ತೀರ್ಥ ಒಸರುತ್ತದೆಂಬುದು ನಂಬಿಕೆ; ಆ ನೀರಿನಿಂದಲೇ ಗಂಗಾಧರೇಶ್ವರನಿಗೆ ಗಿರಿಜಾ ಕಲ್ಯಾಣ ನಡೆಯುತ್ತದೆ. ಮಳೆಯನ್ನೇ ನೆಚ್ಚಿದ ಬಯಲಿನ ಜನ ಒಣಗಲ್ಲಿನಲ್ಲಿ ಕಂಡ ಒಂದು ಬೊಗಸೆ ನೀರಿಗೆ ಕೈಮುಗಿಯುತ್ತಾರೆ.

ಹೊಲದ ಕೆಲಸವನ್ನು ಆ ವರ್ಷ ಮಾಡಿದವರು ಯಾರು? ಮಂಗಳವಾರ, ಶುಕ್ರವಾರ ತಂದೆಯವರನ್ನು ಡಯಾಲಿಸಿಸ್‌ಗಾಗಿ ಬೆಂಗಳೂರಿಗೆ ಕರೆದೊಯ್ಯುವುದರಲ್ಲೇ ನನ್ನ ವಾರ ಮುಗಿಯುತ್ತಿತ್ತು. ಕುಂಟೆ ಹೊಡೆದವನು ಪಕ್ಕದ ಹೊಲದವನು. ಕಳೆ ಕಿತ್ತವರು ಅವನ ಮನೆಯ ಹೆಂಗಸರು. ಕೂಲಿ ಕೊಡಹೋದರೆ “ಆಮೇಲೆ ನೋಡಿಕೊಳ್ಳೋಣ” ಎಂದರು. ತೆನೆ ಕೊಯ್ದು ಮೆದೆ ಒಟ್ಟಿದವರೂ ಅವರೇ. ಸಂಕ್ರಾಂತಿಯ ಹಿಂದಿನ ವಾರ ಒಕ್ಕಣೆ ಮುಗಿದಾಗ ನಾನು, “ಈ ವರ್ಷ ರಾಶಿಪೂಜೆ ಬೇಡ, ಎಳ್ಳು ಬೀರುವುದೂ ಬೇಡ, ಕಾಳನ್ನು ಚೀಲಕ್ಕೆ ತುಂಬಿಬಿಡೋಣ” ಎಂದೆ. ಈ ಮಾತು ತಂದೆಯವರ ಕಿವಿಗೆ ಬಿತ್ತು. “ನನ್ನನ್ನು ಕಣಕ್ಕೆ ಕರೆದುಕೊಂಡು ಹೋಗು” ಎಂದರು.

ಇಬ್ಬರು ಸೇರಿ ಕುರ್ಚಿಯ ಸಮೇತ ಹೊತ್ತು ತಂದೆವು. ರಾಶಿಯ ಮೇಲೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸಿದರು. ಕೊಳಗವನ್ನು ನನ್ನ ಕೈಗೆ ಕೊಟ್ಟು ತಾವು ಎಣಿಸತೊಡಗಿದರು. ನಮ್ಮ ಕಣಗಳಲ್ಲಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು. ಬೆಳೆ ತುಂಬಿದ ವರ್ಷವೂ ಹಾಗೆಯೇ, ಮುಕ್ಕಾಲು ಪಾಲು ಒಣಗಿಹೋದ ವರ್ಷವೂ ಹಾಗೆಯೇ. ಬಂದದ್ದೆಷ್ಟು ಎಂಬುದು ತಿಳಿಯುವ ಮೊದಲೇ ಹೇಳುವ ಮಾತು ಅದು. ಆಯಗಾರರ ಪಾಲಿನ ರೀತಿಯೂ ಇದೇ ಆಗಿತ್ತು. ಕಮ್ಮಾರ, ಬಡಗಿ, ಕುಂಬಾರ, ಅಗಸರಿಗೆ ಸಲ್ಲಬೇಕಾದ ಕಾಳು ಕಣದಲ್ಲೇ ಸಲ್ಲುತ್ತಿತ್ತು, ಉಳಿದದ್ದು ಮನೆಗೆ. ತಂದೆಯವರು ಪಕ್ಕದ ಹೊಲದವನ ಪಾಲನ್ನು ಮೊದಲು ಅಳೆಸಿದರು. ಅವನು ಬೇಡವೆಂದಾಗ, “ಇದು ಕೂಲಿಯಲ್ಲ, ಹಿಡಿ” ಎಂದರು.

ಮರುದಿನ ಶುಕ್ರವಾರ. ಯಂತ್ರದ ಪಕ್ಕದಲ್ಲಿ ಅವರು ಮೆಲುದನಿಯಲ್ಲಿ ಏನೋ ಎಣಿಸುತ್ತಿದ್ದುದನ್ನು ಕೇಳಿದೆ. ಆಷಾಢದಿಂದ ಅಂದಿನವರೆಗೆ ಆದ ಡಯಾಲಿಸಿಸ್‌ಗಳನ್ನು ಲೆಕ್ಕ ಹಾಕುತ್ತಿದ್ದರು. ಮೊದಲನೆಯದನ್ನು ಅವರು ‘ಲಾಭ’ ಎಂದಿದ್ದರು.

ಆ ಯಂತ್ರದ ಹಿಂದೆಯೂ ಒಂದು ಕಥೆಯಿದೆ. ವಿಲೆಮ್ ಕೋಲ್ಫ್ ಎಂಬ ಡಚ್ ವೈದ್ಯ, ತನ್ನ ನಾಡು ಜರ್ಮನ್ ಸೈನ್ಯದ ವಶದಲ್ಲಿದ್ದಾಗ, 1943ರಲ್ಲಿ ಸೆಲ್ಲೋಫೇನ್ ಕೊಳವೆಗಳಿಂದ ಕೃತಕ ಮೂತ್ರಪಿಂಡವನ್ನು ಕಟ್ಟಿದ. ಮೊದಮೊದಲು ಚಿಕಿತ್ಸೆ ಪಡೆದವರಲ್ಲಿ ಬಹುಮಂದಿ ಉಳಿಯಲಿಲ್ಲ. 1945ರಲ್ಲಿ ಪ್ರಜ್ಞೆತಪ್ಪಿದ್ದ ಒಬ್ಬ ವೃದ್ಧೆ ಆ ಚಿಕಿತ್ಸೆಯಿಂದ ಬದುಕಿದಳು. ಉಳಿಯದವರ ಪಾಲೂ ನನ್ನ ತಂದೆಯ ನಾಲ್ಕು ಗಂಟೆಗಳ ಆ ಕುರ್ಚಿಯಲ್ಲಿ ಸೇರಿದೆ. ಅವರಿಗೆ ಯಾವ ಕಣದಲ್ಲಿ ಕಾಳು ಅಳೆಯೋಣ?

ನನ್ನ ತಂಗಿಯ ಹಬ್ಬದ ಮೂಲವನ್ನು ನಾನು ಆಮೇಲೆ ಓದಿ ತಿಳಿದೆ. 1620ರಲ್ಲಿ ಹಡಗಿನಿಂದಿಳಿದ ಸುಮಾರು ನೂರು ವಲಸಿಗರಲ್ಲಿ ಅರ್ಧದಷ್ಟು ಜನ ಮೊದಲ ಚಳಿಗಾಲವನ್ನು ದಾಟಲಿಲ್ಲ. 1621ರ ಸುಗ್ಗಿಯೂಟಕ್ಕೆ ಕುಳಿತವರು ತಮ್ಮವರನ್ನು ಮಣ್ಣುಮಾಡಿ ಬಂದವರು. ಲಿಂಕನ್ ಈ ಹಬ್ಬಕ್ಕೆ ರಾಷ್ಟ್ರದ ಕರೆಕೊಟ್ಟದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ಆ ನೆಲದ ಮೂಲನಿವಾಸಿಗಳಲ್ಲಿ ಹಲವರು 1970ರಿಂದ ಅದೇ ದಿನವನ್ನು ಶೋಕದಿನವಾಗಿ ಆಚರಿಸುತ್ತಾರೆಂಬುದನ್ನೂ ಮರೆಯಲಾಗದು. ಕೃತಜ್ಞತೆಯ ಊಟದ ಎಲೆಯ ಪಕ್ಕದಲ್ಲಿ ಅಳು ಎಂದೂ ಇದ್ದೇ ಇದೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನೆರೆಯ ತುಮಕೂರಿನ ಸಿದ್ಧಗಂಗೆಯಲ್ಲಿ, 2019ರ ಸಂಕ್ರಾಂತಿಯ ದಿನಗಳಲ್ಲಿ, ಸಾವಿರಾರು ಮಕ್ಕಳಿಗೆ ತಂದೆಯಂತಿದ್ದ ಶಿವಕುಮಾರ ಸ್ವಾಮಿಗಳು ತೀವ್ರವಾಗಿ ಅಸ್ವಸ್ಥರಾಗಿದ್ದರು. ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಅನ್ನ ಮೊದಲು, ದುಃಖ ಆಮೇಲೆ. ಅನ್ನದಾಸೋಹವನ್ನೇ ಬದುಕಾಗಿಸಿಕೊಂಡಿದ್ದವರಿಗೆ ಅದಕ್ಕಿಂತ ತಕ್ಕ ವಂದನೆ ಯಾವುದಿದ್ದೀತು?

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರೋಗಕ್ಕೆ ಕೃತಜ್ಞತೆ ಸಲ್ಲದು. “ಎಲ್ಲವೂ ಒಳ್ಳೆಯದಕ್ಕೇ” ಎಂದು ನೋಯುತ್ತಿರುವವರ ಮುಂದೆ ಹೇಳುವುದು ಕ್ರೌರ್ಯ. ತಂದೆಯವರ ತೋಳಿನಲ್ಲಿ ಸೂಜಿ ಇಳಿಯುವಾಗ ನನಗೆ ಯಾವ ಉಪಕಾರಸ್ಮರಣೆಯೂ ಮೂಡುವುದಿಲ್ಲ. ಆದರೆ ಕೃತಜ್ಞತೆ ಸಂತೋಷದ ಹೆಸರು ಎಂದು ನಾನು ತಿಳಿದಿದ್ದೆನಲ್ಲ, ಅದು ತಪ್ಪು. ಅದು ಋಣದ ಲೆಕ್ಕ. ನಮ್ಮ ಮನಸ್ಸು ಸರಿಯಿಲ್ಲವೆಂದು ಋಣದ ಗಡುವು ಮುಂದೆ ಹೋಗುವುದಿಲ್ಲ. ಕಳೆ ಕಿತ್ತವರ ಕೈ ಇದೆ. ಮುಂಜಾನೆಯ ಬಸ್ಸಿನಲ್ಲಿ ಮುಂದಿನ ಸೀಟನ್ನು ಉಳಿಸಿಡುವ ಕಂಡಕ್ಟರ್ ಇದ್ದಾನೆ. ನೋಯದಂತೆ ಸೂಜಿ ಚುಚ್ಚಲು ಕಲಿತ ಹುಡುಗಿಯಿದ್ದಾಳೆ. ಸೊಗಡಿನ ಅವರೆಕಾಯಿಯ ಕಾಲದಲ್ಲಿ ತಂದೆಯವರು ಅವಳಿಗೊಂದು ಚೀಲ ಕಾಯಿ ಒಯ್ಯುವುದನ್ನು ಮರೆಯಲಿಲ್ಲ. ತಮಗೆ ಪಥ್ಯ, ತಾವು ತಿನ್ನುವಂತಿಲ್ಲ.

ಇಂದಿಗೆ ಅವರ ಎಣಿಕೆ ನೂರನ್ನು ದಾಟಿ ಬಹಳ ದಿನಗಳಾದವು. ಎಲ್ಲಿಯವರೆಗೆ ಎಂಬುದನ್ನು ವೈದ್ಯರೂ ಹೇಳಲಾರರು. ಹೊಲದಲ್ಲಿ ಈ ವರ್ಷದ ರಾಗಿ ಕೊಯ್ಲಿಗೆ ಬಂದಿದೆ. ಮುಂದಿನ ಗುರುವಾರ ತಂಗಿ ಮತ್ತೆ ಫೋನು ಮಾಡುತ್ತಾಳೆ, ಮತ್ತೆ ಅದನ್ನೇ ಕೇಳುತ್ತಾಳೆ. ಈ ಸಲ ನಾನು ಫೋನನ್ನು ಕೆಳಗಿಡುವುದಿಲ್ಲ. ಒಳಗೆ ಕೊಂಡೊಯ್ದು ತಂದೆಯವರ ಕೈಗೆ ಕೊಡುತ್ತೇನೆ. ಲೆಕ್ಕ ಅವರ ಬಳಿ ಇದೆ.