ಉಪಗ್ರಹದ ಮನೆವಾರ್ತೆ

ಅಲ್ ಅಹ್ಸಾದಿಂದ ಮಾತಾಡುತ್ತಿದ್ದೇನೆ.

ಇವತ್ತು ಒಂದು ಪದದಿಂದ ಶುರು ಮಾಡೋಣ. ಕನ್ನಡದಲ್ಲಿ 'ಮನೆವಾರ್ತೆ' ಅಂತ ಒಂದು ಪದವಿದೆ. ನಿಮ್ಮಲ್ಲಿ ಹಲವರು ಇದನ್ನು ಕೇಳಿರಲಿಕ್ಕಿಲ್ಲ. ಅಜ್ಜಿಯನ್ನು ಕೇಳಿ, ಹೇಳುತ್ತಾರೆ. ಇಲ್ಲಿ ವಾರ್ತೆ ಅಂದರೆ ಸುದ್ದಿಯಲ್ಲ. ಮನೆವಾರ್ತೆ ಅಂದರೆ ಮನೆಯ ದಿನದಿನದ ವ್ಯವಹಾರ. ಅಕ್ಕಿ ಎಷ್ಟು ದಿನಕ್ಕೆ ಸಾಕು, ಗ್ಯಾಸ್ ಸಿಲಿಂಡರ್ ಇವತ್ತು ಮುಗಿಯುತ್ತದೋ ನಾಳೆಯೋ, ಮೊನ್ನೆ ಎದ್ದ ಧೂಳಿಗೆ ಏಸಿ ಫಿಲ್ಟರ್ ಕಟ್ಟಿಕೊಂಡಿದೆಯೋ, ತಾರಸಿಯ ಟ್ಯಾಂಕಿನಲ್ಲಿ ನೀರಿದೆಯೋ ಇಲ್ಲವೋ. ಈ ಕೆಲಸ ಮಾಡಿದರೆ ಯಾರಿಗೂ ಕಾಣುವುದಿಲ್ಲ. ಒಂದು ದಿನ ಬಿಟ್ಟರೆ ಎಲ್ಲರಿಗೂ ಕಾಣುತ್ತದೆ.

ಉಪಗ್ರಹಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳಿಗೂ ಇಂಥದೇ ಒಂದು ಮಾತಿದೆ. ಉಪಗ್ರಹ ತನ್ನ ಆರೋಗ್ಯದ ಬಗ್ಗೆ ನೆಲಕ್ಕೆ ಕಳಿಸುವ ಮಾಹಿತಿಗೆ ಅವರು 'ಹೌಸ್‌ಕೀಪಿಂಗ್ ಡೇಟಾ' ಅನ್ನುತ್ತಾರೆ. ಅದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಮನೆವಾರ್ತೆಯೇ ಅಲ್ಲವೇ ಇದು! ನಾನು ಓದಿದ್ದು ಕನ್ನಡ ಎಂ.ಎ., ಭೌತಶಾಸ್ತ್ರ ಅಲ್ಲ. ಆದರೆ ಮನೆವಾರ್ತೆ ನನಗೆ ಗೊತ್ತಿರುವ ವಿಷಯ. ಆ ಧೈರ್ಯದ ಮೇಲೆ ಇವತ್ತು ಒಂದು ಮುದಿ ಉಪಗ್ರಹದ ಮನೆವಾರ್ತೆ ಹೇಳುತ್ತೇನೆ.

ಅದರ ಹೆಸರು ಮೇಘಾ-ಟ್ರಾಪಿಕ್ಸ್. ಮೇಘ ನಮ್ಮ ಪದ, ಟ್ರಾಪಿಕ್ಸ್ ಫ್ರೆಂಚರದು, ಅಂದರೆ ಉಷ್ಣವಲಯ. ಹೆಸರಿನ ಹಾಗೆ ಉಪಗ್ರಹವೂ ಎರಡು ದೇಶಗಳದ್ದು. ಭಾರತದ ಇಸ್ರೊ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ್ದು. 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ರಾಕೆಟ್ ಅದನ್ನು ಹೊತ್ತು ಹೋಯಿತು. ತೂಕ ಸುಮಾರು 1000 ಕಿಲೊ. ಎತ್ತರ 867 ಕಿಲೊಮೀಟರ್. ಉದ್ದೇಶಿಸಿದ್ದ ಆಯುಸ್ಸು 3 ವರ್ಷ.

ಅದರ ದಾರಿ ಸ್ವಲ್ಪ ಬೇರೆ ಥರದ್ದು. ಭೂಮಿಯನ್ನು ನೋಡುವ ಎಷ್ಟೋ ಉಪಗ್ರಹಗಳು ಉತ್ತರ ಧ್ರುವದಿಂದ ದಕ್ಷಿಣ ಧ್ರುವದ ಕಡೆಗೆ ಸುತ್ತುತ್ತವೆ. ಅಂಥದೊಂದು ಉಪಗ್ರಹ ಒಂದು ಊರನ್ನು ದಿನಕ್ಕೆ ಹೆಚ್ಚೆಂದರೆ ಎರಡು ಸಲ ನೋಡುತ್ತದೆ. ಆದರೆ ಮಳೆ ಮೋಡ ಹಾಗೆ ಕಾಯುತ್ತದೆಯೇ? ಊರಿನಲ್ಲಿ ಮುಂಗಾರಿನ ಹೊತ್ತಿಗೆ ರಜೆಗೆ ಹೋದವರಿಗೆ ಗೊತ್ತು. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಬಿಸಿಲು, ಕಾಫಿ ಕುಡಿದು ಬರುವಷ್ಟರಲ್ಲಿ ಮೋಡ ಕಟ್ಟಿ, ಸುರಿದು, ಹೋಗಿಯೂ ಆಗಿರುತ್ತದೆ. ಅಂಥ ಮೋಡದ ಹುಟ್ಟು ಸಾವು ನೋಡಬೇಕಾದರೆ ಮತ್ತೆ ಮತ್ತೆ ಹಾದುಹೋಗಬೇಕು. ಅದಕ್ಕೇ ಮೇಘಾ-ಟ್ರಾಪಿಕ್ಸ್ ಸಮಭಾಜಕ ವೃತ್ತದ ಆಚೆ ಈಚೆ 20 ಡಿಗ್ರಿಯೊಳಗೇ ಸುತ್ತುವಂತೆ ಮಾಡಿದರು. ಒಂದು ಸುತ್ತಿಗೆ ಸುಮಾರು 102 ನಿಮಿಷ, ದಿನಕ್ಕೆ 14 ಸುತ್ತು.

ನಮ್ಮ ಅಲ್ ಅಹ್ಸಾ ಇರುವುದು 25 ಡಿಗ್ರಿಗಿಂತ ಸ್ವಲ್ಪ ಮೇಲೆ. ಹಾಗಾಗಿ ಅದು ನಮ್ಮ ನೆತ್ತಿಯ ಮೇಲೆ ಬರುತ್ತಿರಲಿಲ್ಲ. ದಕ್ಷಿಣಕ್ಕೆ, ರುಬ್ ಅಲ್ ಖಾಲಿ ಮರಳುಗಾಡಿನ ಮೇಲೆ ತಿರುಗಿಕೊಂಡು ಹೋಗುತ್ತಿತ್ತು. ಆದರೆ ಅದರ ಒಂದು ಉಪಕರಣ ಸುಮಾರು 1700 ಕಿಲೊಮೀಟರ್ ಅಗಲದ ಪಟ್ಟಿಯನ್ನು ನೋಡುತ್ತಿತ್ತು, ಅಂದರೆ ಎಡಕ್ಕೆ 850, ಬಲಕ್ಕೆ 850. ಲೆಕ್ಕ ಹಾಕಿ ನೋಡಿ, ಹೊಫೂಫ್‌ನ ಖರ್ಜೂರದ ತೋಟಗಳ ಮೇಲಿನ ಗಾಳಿಯೂ ಆ ಪಟ್ಟಿಯ ಅಂಚಿನೊಳಗೆ ಬರುತ್ತದೆ. ನಮ್ಮ ಬೆಂಗಳೂರು ಮಂಗಳೂರುಗಳಂತೂ ಅದರ ದಾರಿಯ ಒಳಗೇ ಇವೆ.

ಉಪಗ್ರಹದ ಮೇಲೆ ನಾಲ್ಕು ಉಪಕರಣಗಳಿದ್ದವು. ದೊಡ್ಡದರ ಹೆಸರು ಮದ್ರಾಸ್. ಊರಿನ ಹೆಸರಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು. ಮಳೆ ಮತ್ತು ಮೋಡದೊಳಗಿನ ನೀರನ್ನು ಅಳೆಯುವುದು ಅದರ ಕೆಲಸ. ಎರಡನೆಯದು ಸಫೀರ್. ಅದು ಗಾಳಿಯ ತೇವಾಂಶವನ್ನು ಎತ್ತರದ ಪ್ರಕಾರ, ಪದರ ಪದರವಾಗಿ ಅಳೆಯುತ್ತದೆ. ಮೂರನೆಯದು ಸ್ಕಾರಬ್. ಭೂಮಿಗೆ ಬಂದ ಬಿಸಿಲಿನಲ್ಲಿ ವಾಪಸ್ ಹೋದದ್ದೆಷ್ಟು, ಭೂಮಿ ತಾನೇ ಹೊರಗೆ ಬಿಟ್ಟ ಶಾಖ ಎಷ್ಟು ಎಂದು ಅದು ನೋಡುತ್ತದೆ, ಮನೆಯ ಜಮಾ ಖರ್ಚಿನ ಹಾಗೆ. ನಾಲ್ಕನೆಯದು ಇಟಲಿಯ ರೋಸಾ. ಜಿಪಿಎಸ್ ಸಂಕೇತ ವಾತಾವರಣದಲ್ಲಿ ಹಾದುಬರುವಾಗ ಎಷ್ಟು ಬಾಗುತ್ತದೆ ಎಂಬುದರಿಂದ ಗಾಳಿಯ ಉಷ್ಣತೆ, ತೇವ ತಿಳಿಯುವುದು ಅದರ ರೀತಿ.

ಈಗ ಮನೆವಾರ್ತೆಗೆ ಬರೋಣ. ಇದನ್ನು ನೋಡಿಕೊಳ್ಳುತ್ತಿದ್ದದ್ದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್, ಅಂದರೆ ಇಸ್ರೊದ ಉಪಗ್ರಹ ಜಾಡು ಹಿಡಿಯುವ ಕೇಂದ್ರ. ಫ್ಯಾಕ್ಟರಿ, ಲಾರಿಗಳ ಆ ಪೀಣ್ಯವೇ.

ಉಪಗ್ರಹ ಒಂದು ಆಂಟೆನಾದ ಮೇಲೆ ಹಾದುಹೋಗುವಾಗ ಮಾತಾಡಲು ಸಿಗುವುದು ಹತ್ತು ಹದಿನೈದು ನಿಮಿಷ ಮಾತ್ರ. ಅಷ್ಟರಲ್ಲಿ ಅದರ ಯೋಗಕ್ಷೇಮ ಕೇಳಬೇಕು. ಬ್ಯಾಟರಿಯ ವೋಲ್ಟೇಜ್ ಎಷ್ಟು? ಸೌರಫಲಕದಿಂದ ಎಷ್ಟು ಕರೆಂಟ್ ಬರುತ್ತಿದೆ? ಯಾವ ಪೆಟ್ಟಿಗೆ ಎಷ್ಟು ಬಿಸಿಯಾಗಿದೆ? ಉಪಗ್ರಹದ ಮುಖ ಸರಿಯಾದ ಕಡೆಗೆ ತಿರುಗಿಸುವ ಚಕ್ರಗಳು ಎಷ್ಟು ವೇಗದಲ್ಲಿ ಸುತ್ತುತ್ತಿವೆ? ಇಂಧನದ ಟ್ಯಾಂಕಿನಲ್ಲಿ ಒತ್ತಡ ಎಷ್ಟು? ಪ್ರತಿಯೊಂದಕ್ಕೂ ಇಷ್ಟರಿಂದ ಇಷ್ಟರೊಳಗೆ ಇರಬೇಕು ಎಂಬ ಮಿತಿ ಇರುತ್ತದೆ. ದಾಟಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಆದರೆ ಒಳ್ಳೆಯ ಎಂಜಿನಿಯರ್ ಅದು ದಾಟುವವರೆಗೆ ಕಾಯುವುದಿಲ್ಲ. ಕಳೆದ ತಿಂಗಳಿಗಿಂತ ಈ ತಿಂಗಳು ಸ್ವಲ್ಪ ಏರಿದೆಯೇ, ಸ್ವಲ್ಪ ಇಳಿದಿದೆಯೇ ಎಂದು ನೋಡುತ್ತಾನೆ. ಫೋನಿನಲ್ಲಿ ಅಮ್ಮ 'ಚೆನ್ನಾಗಿದ್ದೀನಿ' ಅಂದರೂ ದನಿ ಕೇಳಿ ನಮಗೆ ಗೊತ್ತಾಗುವುದಿಲ್ಲವೇ, ಹಾಗೆ.

ಬ್ಯಾಟರಿಯ ವಿಷಯವೊಂದನ್ನೇ ತೆಗೆದುಕೊಳ್ಳಿ. ಪ್ರತಿ ಸುತ್ತಿನಲ್ಲೂ ಉಪಗ್ರಹ ಭೂಮಿಯ ನೆರಳಿಗೆ ಹೋಗುತ್ತದೆ. ಆಗ ಬಿಸಿಲಿಲ್ಲ, ಬ್ಯಾಟರಿಯೇ ಗತಿ. ಹೊರಗೆ ಬಂದಾಗ ಮತ್ತೆ ಚಾರ್ಜ್. ದಿನಕ್ಕೆ 14 ಸಲ ಅಂದರೆ ವರ್ಷಕ್ಕೆ 5000ಕ್ಕೂ ಹೆಚ್ಚು, ಹತ್ತು ವರ್ಷಕ್ಕೆ 50,000 ದಾಟುತ್ತದೆ. ದಿನಕ್ಕೊಮ್ಮೆ ಚಾರ್ಜ್ ಮಾಡುವ ನಿಮ್ಮ ಮೊಬೈಲು ಎರಡು ಮೂರು ವರ್ಷಕ್ಕೇ ಸುಸ್ತಾಗುವುದನ್ನು ನೆನೆಸಿಕೊಳ್ಳಿ. ರಿಪೇರಿಯವನು ಹೋಗಲಾಗದ ಜಾಗ ಅದು.

ಉಪಕರಣಗಳ ಆರೋಗ್ಯ ನೋಡುವುದು ಇನ್ನೂ ನಾಜೂಕು. ಸಫೀರ್ ಒಂದು ತಕ್ಕಡಿಯ ಹಾಗೆ. ತಕ್ಕಡಿ ಕೆಟ್ಟು ನಿಂತರೆ ಗೊತ್ತಾಗುತ್ತದೆ. ಆದರೆ ಸುಮ್ಮನೆ ಹತ್ತು ಗ್ರಾಂ ಹೆಚ್ಚು ತೋರಿಸತೊಡಗಿದರೆ? ಅದಕ್ಕೇ ಇಂಥ ಉಪಕರಣ ಕೆಳಗೆ ನೋಡುವುದರ ಜೊತೆಗೆ ಮತ್ತೆರಡು ಕಡೆ ನೋಡುತ್ತದೆ. ಒಮ್ಮೆ ತನ್ನೊಳಗೇ ಇಟ್ಟುಕೊಂಡ, ಉಷ್ಣತೆ ಗೊತ್ತಿರುವ ಬೆಚ್ಚಗಿನ ವಸ್ತುವಿನ ಕಡೆಗೆ, ಇನ್ನೊಮ್ಮೆ ಕೊರೆಯುವ ಖಾಲಿ ಆಕಾಶದ ಕಡೆಗೆ. ಎರಡೂ ಗೊತ್ತಿರುವ ಅಳತೆಗಳು. ಅವೇ ಬೇರೆಯಾಗಿ ಕಂಡರೆ ಬದಲಾದದ್ದು ಜಗತ್ತಲ್ಲ, ತಾನು. ಈ ಪರೀಕ್ಷೆ ಸದಾ ನಡೆಯುತ್ತಲೇ ಇರುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದರೂ ಪೆಟ್ಟು ಬಿತ್ತು. 2013ರ ಜನವರಿಯಲ್ಲಿ ಮದ್ರಾಸ್ ಉಪಕರಣ ನಿಂತಿತು. ತಿರುಗುತ್ತಾ ನೋಡಬೇಕಾದ ಅದರ ಯಂತ್ರಭಾಗದಲ್ಲಿ ತೊಂದರೆ. ಹಾರಿಬಿಟ್ಟು ಇನ್ನೂ ಹದಿನೈದು ತಿಂಗಳು. ಮಳೆ ಅಳೆಯಲೆಂದೇ ಹೋದ ಉಪಗ್ರಹಕ್ಕೆ ಮಳೆ ಅಳೆಯುವ ಕಣ್ಣೇ ಹೋಯಿತು.

ನಮ್ಮ ಮನೆಯಲ್ಲಿ ಈ ಮಾತು ಬಂದಾಗ ಮಗ ಕೇಳಿದ, "ಅಮ್ಮ, ಮೇನ್ ಪೀಸೇ ಹೋದ ಮೇಲೆ ಇನ್ನೇನು? ಆಫ್ ಮಾಡಿ ಹೊಸದು ಕಳಿಸಬೇಕಿತ್ತು." ಅವನ ತಪ್ಪಲ್ಲ. ಇಲ್ಲಿ ಬೆಳೆದ ಮಕ್ಕಳು ನೋಡಿರುವುದೇ ಅದು. ಕೆಟ್ಟರೆ ಹೊರಗಿಡು, ಹೊಸದು ತಾ.

ಪೀಣ್ಯದವರು ಆಫ್ ಮಾಡಲಿಲ್ಲ. ಉಳಿದ ಉಪಕರಣಗಳ ಕೆಲಸ ಮುಂದುವರಿಯಿತು. ಮದ್ರಾಸ್‌ನ ನೆರಳಿನಲ್ಲಿದ್ದ ಸಫೀರ್‌ನ ಬೆಲೆ ಆಮೇಲೆ ಗೊತ್ತಾಯಿತು. ಉಷ್ಣವಲಯದ ತೇವಾಂಶವನ್ನು ಅದು ದಿನಕ್ಕೆ ಹಲವು ಸಲ ಅಳೆದು ಕೊಡುತ್ತಿತ್ತು. ಫ್ರಾನ್ಸ್‌ನ ಹವಾಮಾನ ಇಲಾಖೆ, ಯುರೋಪಿನ ಮುನ್ಸೂಚನಾ ಕೇಂದ್ರ ತಮ್ಮ ಲೆಕ್ಕಗಳಲ್ಲಿ ಅದರ ಅಳತೆಗಳನ್ನು ಬಳಸಿಕೊಂಡವು. ಜಗತ್ತಿನ ಮಳೆ ಅಳೆಯುವ ಜಿಪಿಎಂ ಉಪಗ್ರಹಗಳ ಗುಂಪಿನಲ್ಲೂ ಸಫೀರ್‌ಗೆ ಜಾಗ ಸಿಕ್ಕಿತು. ಮೂರು ವರ್ಷಕ್ಕೆಂದು ಕಳಿಸಿದ ಉಪಗ್ರಹ 2021ರವರೆಗೆ ಮಾಹಿತಿ ಕೊಟ್ಟಿತು.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ನನಗೆ ಹೆಚ್ಚು ಇಷ್ಟವಾದ ಭಾಗ ಇರುವುದು ಇದರ ನಂತರ.

ಕೆಲಸ ನಿಂತ ಉಪಗ್ರಹವನ್ನು ಅಲ್ಲೇ ಬಿಟ್ಟಿದ್ದರೆ ಅದು ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಲೇ ಇರುತ್ತಿತ್ತು. ಒಳಗೆ ಸುಮಾರು 125 ಕಿಲೊ ಇಂಧನ ಉಳಿದಿತ್ತು. ಇಂಧನ ತುಂಬಿದ ಟ್ಯಾಂಕ್ ಯಾವತ್ತೋ ಒಡೆದರೆ ಸಾವಿರಾರು ಚೂರುಗಳಾಗಬಹುದು. ಒಂದೊಂದು ಚೂರೂ ಸೆಕೆಂಡಿಗೆ ಏಳು ಕಿಲೊಮೀಟರಿಗೂ ಮೀರಿದ ವೇಗದಲ್ಲಿ ಹೋಗುವ ಗುಂಡು. ಅದು ಬೇರೆಯವರ ಉಪಗ್ರಹಗಳಿಗೆ, ಮುಂದೆ ಹೋಗುವ ಮನುಷ್ಯರಿಗೆ ಅಪಾಯ. ಅಂದರೆ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ.

ಆ ಉಳಿದ ಇಂಧನದಲ್ಲೇ ಅದನ್ನು ಕೆಳಗಿಳಿಸಿ, ಜನರಿಲ್ಲದ ಕಡೆ ಬೀಳಿಸುವುದು ಎಂದು ಇಸ್ರೊ ತೀರ್ಮಾನಿಸಿತು. ಸುಲಭವಲ್ಲ. ಹಾಗೆ ಇಳಿಯಲೆಂದು ಅದನ್ನು ಮಾಡಿಯೇ ಇರಲಿಲ್ಲ. ಹಲವು ವ್ಯವಸ್ಥೆಗಳು ಸ್ಟೆಪ್ನಿ ಇಲ್ಲದ ಕಾರಿನಂತಾಗಿದ್ದವು, ಒಂದು ಕೆಟ್ಟರೆ ಬದಲಿ ಇಲ್ಲ. ಕೆಲವು ಮೊದಲಿನ ಹಾಗೆ ಕೆಲಸ ಮಾಡುತ್ತಿರಲಿಲ್ಲ. ಕೆಳಗಿಳಿದಂತೆ ಗಾಳಿಯ ತಡೆ ಹೆಚ್ಚು, ಅದನ್ನು ತಡೆದುಕೊಳ್ಳಲೂ ಅದನ್ನು ಕಟ್ಟಿರಲಿಲ್ಲ. ಇಲ್ಲಿ ಉಪಯೋಗಕ್ಕೆ ಬಂದದ್ದು ಹತ್ತು ವರ್ಷದ ಮನೆವಾರ್ತೆ. ಯಾವ ಭಾಗಕ್ಕೆ ಎಷ್ಟು ಶಕ್ತಿ ಉಳಿದಿದೆ, ಯಾವುದನ್ನು ನಂಬಬಹುದು ಎನ್ನುವುದು ಇಷ್ಟು ದಿನ ಬರೆದಿಟ್ಟುಕೊಂಡವರಿಗೆ ಮಾತ್ರ ಗೊತ್ತಿರಲು ಸಾಧ್ಯ.

2022ರ ಆಗಸ್ಟ್‌ನಿಂದ 20 ಹಂತಗಳಲ್ಲಿ ಸ್ವಲ್ಪ ಸ್ವಲ್ಪವೇ ಕೆಳಗೆ ತಂದರು. ಖರ್ಚಾದ ಇಂಧನ ಸುಮಾರು 120 ಕಿಲೊ. 2023ರ ಮಾರ್ಚ್ 7, ಮಂಗಳವಾರ. ನಮ್ಮ ಸೌದಿ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 2 ನಿಮಿಷಕ್ಕೆ ಒಮ್ಮೆ, 3 ಗಂಟೆ 51 ನಿಮಿಷಕ್ಕೆ ಇನ್ನೊಮ್ಮೆ, ನಾಲ್ಕು ಪುಟ್ಟ ಎಂಜಿನುಗಳನ್ನು ಸುಮಾರು 20 ನಿಮಿಷದಂತೆ ಉರಿಸಿದರು. ಒಂದೊಂದರ ಬಲ 11 ನ್ಯೂಟನ್. ನಾಲ್ಕೂ ಸೇರಿದರೆ ನಾಲ್ಕೂವರೆ ಕಿಲೊ ಅಕ್ಕಿಚೀಲ ಕೈಯಲ್ಲಿ ಹಿಡಿದಷ್ಟು ಭಾರ. ಅಷ್ಟೇ ಬಲದಿಂದ ಅದನ್ನು ಭೂಮಿಯ ಗಾಳಿಯೊಳಕ್ಕೆ ತಳ್ಳಿದರು. ಗುರಿ ಇಟ್ಟದ್ದು ಪೆಸಿಫಿಕ್ ಸಾಗರದ ಒಂದು ನಿರ್ಜನ ಭಾಗ. ಕೊನೆಯ ಮನೆವಾರ್ತೆ ಬಂತು, ಅದು ವಾತಾವರಣ ಹೊಕ್ಕದ್ದು ಖಚಿತವಾಯಿತು. ಆಮೇಲೆ ಮೌನ. ಅಲ್ಲಿ ಅದು ಒಡೆದು ಚೂರಾಗಿರಬೇಕು. ನಾವಿಲ್ಲಿ ಅಸರ್ ಬಾಂಗ್ ಆದ ಮೇಲೆ ಸಂಜೆಯ ಚಹಾಕ್ಕೆ ನೀರಿಡುವ ಹೊತ್ತು.

ಫೈನಲ್ ಎಕ್ಸಿಟ್ ಅಂದರೇನೆಂದು ಈ ದೇಶದಲ್ಲಿ ಬೆಳೆದ ನಿಮಗೆ ನಾನು ವಿವರಿಸಬೇಕಾಗಿಲ್ಲ. ನಮ್ಮೆಲ್ಲರ ಮನೆಗೂ ಒಂದು ದಿನ ಅದು ಬರುತ್ತದೆ. ಇಪ್ಪತ್ತು ವರ್ಷ ಇದ್ದವರಿಗೂ ಬರುತ್ತದೆ. ಆಗ ಕೆಲವರು ಹೇಗೆ ಹೋಗುತ್ತಾರೆಂದು ನೋಡಿದ್ದೇನೆ. ಕರೆಂಟ್ ಬಿಲ್ ಕಟ್ಟಿರುವುದಿಲ್ಲ, ಹಳೆಯ ಸೋಫಾ ಮೆಟ್ಟಿಲ ಕೆಳಗೆ, ಕಾರು ಬೀದಿಯಲ್ಲಿ ಧೂಳು ಹೊದ್ದು ನಿಂತಿರುತ್ತದೆ. 'ಹೇಗೂ ಹೋಗುತ್ತಿದ್ದೇವಲ್ಲ' ಅನ್ನುತ್ತಾರೆ. ಇನ್ನು ಕೆಲವರು ಕೊನೆಯ ದಿನವೂ ಅಡುಗೆಮನೆ ಒರೆಸಿ, ಮಿಕ್ಕ ಬೇಳೆ ಅಕ್ಕಿ ಪಕ್ಕದ ಮನೆಗೆ ಕೊಟ್ಟು, ಬೀಗದ ಕೈ ಒಪ್ಪಿಸಿ ಏರ್‌ಪೋರ್ಟಿಗೆ ಹೊರಡುತ್ತಾರೆ. ಆ ಮನೆಗೆ ಮುಂದೆ ಯಾರು ಬರುತ್ತಾರೋ ಅವರಿಗೆ ಗೊತ್ತಿಲ್ಲ. ಆದರೂ ಒರೆಸಿರುತ್ತಾರೆ.

ನನ್ನ ಮಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದೇ. ದೊಡ್ಡ ಉಪಕರಣ ಹೋದ ಮೇಲೂ ದಿನಕ್ಕೆ ಹಲವು ಸಲ ಅದರ ಬ್ಯಾಟರಿ ನೋಡಿದರಲ್ಲ, ಅವರು ನೋಡಿದ್ದರಿಂದಲೇ ಅದು ಮತ್ತೆ ಎಂಟು ವರ್ಷ ದುಡಿಯಿತು, ಮತ್ತು ಯಾರ ತಲೆಯ ಮೇಲೂ ಬೀಳದೆ ಹೋಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿನ್ನ ಮಿಕ್ಸಿ ಬಿಸಾಡೋದು ಬೇಡ ಅಂತೀಯ" ಅಂದ. ಆ ಮಿಕ್ಸಿ ನನ್ನ ಮದುವೆಯಲ್ಲಿ ಬಂದದ್ದು. ಒಂದು ಜಾರ್ ಒಡೆದಿದೆ, ಇನ್ನೆರಡು ಇವೆ. ಚಟ್ನಿ ಈಗಲೂ ಆಗುತ್ತದೆ.

ನಿಮ್ಮಲ್ಲಿ ಯಾರಾದರೂ ಮುಂದೆ ಓದಲು ಬೆಂಗಳೂರಿಗೆ ಹೋದರೆ, ಮೆಟ್ರೋದಲ್ಲಿ ಪೀಣ್ಯ ದಾಟುವಾಗ ಒಮ್ಮೆ ಕಿಟಕಿಯಾಚೆ ನೋಡಿ. ಅಲ್ಲೆಲ್ಲೋ ಒಂದು ಕೋಣೆಯಲ್ಲಿ ಈಗಲೂ ಯಾರೋ ಬೇರೊಂದು ಉಪಗ್ರಹದ ಮನೆವಾರ್ತೆ ನೋಡುತ್ತಾ ಕೂತಿರುತ್ತಾರೆ.